ಅರ್ಕಾವತಿ ಕಣಿವೆಯ ಕೃಷಿ ಪ್ರದೇಶ: ಜನಸಂಖ್ಯೆ, ಕೈಗಾರಿಕೆ ಮತ್ತು ಪ್ರವಾಸೋದ್ಯಮದ ಪರಿಸರ ಪರಿಣಾಮಗಳು

ಪೀಠಿಕೆ

ಬೆಂಗಳೂರು ಮಹಾನಗರದ ನೈರುತ್ಯ ದಿಕ್ಕಿನಲ್ಲಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಮತ್ತು ಹಾರೋಹಳ್ಳಿ ತಾಲ್ಲೂಕುಗಳು ಮೂಲತಃ ಕೃಷಿ ಪ್ರಧಾನವಾದ ಪ್ರದೇಶವಾಗಿರುತ್ತವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶವನ್ನು 2007ರ ಆಗಸ್ಟ್ 23ರಂದು ರಾಮನಗರ ಜಿಲ್ಲೆಯನ್ನಾಗಿ ರಚಿಸಲಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲಾಗಿದ್ದು, ರಾಮನಗರ ಪಟ್ಟಣವೇ ಜಿಲ್ಲಾ ಕೇಂದ್ರವಾಗಿ ಮುಂದುವರಿದಿದೆ.

ರಾಗಿ, ಹಿಪ್ಪುನೇರಳೆ, ತೆಂಗು ಮತ್ತು ಮಾವು ಇಲ್ಲಿನ ಪ್ರಮುಖ ಬೆಳೆಗಳು. ಹೈನುಗಾರಿಕೆ ಮತ್ತು ರೇಷ್ಮೆ ಕೃಷಿಯು ಸಣ್ಣ ಹಿಡುವಳಿದಾರರಿಗೆ ನಿಯಮಿತ ಆದಾಯವನ್ನು ಒದಗಿಸುತ್ತವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಕಳೆದ ಕೆಲವು ದಶಕಗಳಲ್ಲಿ ನಗರದ ಬೆಳವಣಿಗೆ, ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಸ್ಥಾಪನೆ ಹಾಗೂ ವಾರಾಂತ್ಯದ ಪ್ರವಾಸೋದ್ಯಮದಿಂದಾಗಿ ಇಲ್ಲಿನ ನೀರು, ಮಣ್ಣು ಮತ್ತು ಅರಣ್ಯದ ಮೇಲೆ ಉಂಟಾಗಿರುವ ಪರಿಣಾಮಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಭೌಗೋಳಿಕ ಹಿನ್ನೆಲೆ

ಈ ಪ್ರದೇಶದ ಮುಖ್ಯ ನದಿ ಅರ್ಕಾವತಿ. ನಂದಿ ಬೆಟ್ಟದಲ್ಲಿ ಹುಟ್ಟುವ ಈ ನದಿಯು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳ ಮೂಲಕ ಹರಿದು, ರಾಮನಗರ ಹಾಗೂ ಕನಕಪುರವನ್ನು ದಾಟಿ ಸಂಗಮ ಎಂಬಲ್ಲಿ ಕಾವೇರಿಯನ್ನು ಸೇರುತ್ತದೆ. ಕುಮುದ್ವತಿ, ವೃಷಭಾವತಿ ಮತ್ತು ಸುವರ್ಣಮುಖಿ ಇದರ ಪ್ರಮುಖ ಉಪನದಿಗಳು. ಬನ್ನೇರುಘಟ್ಟದ ಬೆಟ್ಟಗಳಲ್ಲಿ ಹುಟ್ಟುವ ಸುವರ್ಣಮುಖಿಯು ಹಾರೋಹಳ್ಳಿ ಭಾಗದಲ್ಲಿ ಹರಿಯುತ್ತದೆ. ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರದ ಎತ್ತರದ ಪ್ರದೇಶಗಳಲ್ಲಿ ಮೂಲವನ್ನು ಹೊಂದಿರುವ ವೃಷಭಾವತಿಯು ಕೆಂಗೇರಿ, ಬಿಡದಿ ಮತ್ತು ಬೈರಮಂಗಲದ ಮಾರ್ಗವಾಗಿ ಹರಿದು ಕನಕಪುರಕ್ಕೆ ಮೊದಲೇ ಅರ್ಕಾವತಿಯನ್ನು ಸೇರುತ್ತದೆ.

ರಾಮನಗರದ ಹೆಬ್ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಶಿಲೆಯ ಸಾಲಿಗೆ ಸೇರಿವೆ. ಈ ಊರಿನ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನದಲ್ಲಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಬಂದಿದೆ. ಇಂತಹ ಗಟ್ಟಿ ಶಿಲಾ ಪ್ರದೇಶದಲ್ಲಿ ಅಂತರ್ಜಲವು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ಸಂಗ್ರಹವಾಗುತ್ತದೆ. ಆದುದರಿಂದ ಸಂಗ್ರಹವು ಸೀಮಿತವಾಗಿರುತ್ತದೆ. ಬಿರುಕಿನೊಳಗೆ ಒಮ್ಮೆ ಮಲಿನ ನೀರು ಸೇರಿದಲ್ಲಿ ಅದನ್ನು ಶುದ್ಧಗೊಳಿಸುವುದು ಅತ್ಯಂತ ಕಷ್ಟಕರ.

ಜನಸಂಖ್ಯೆಯ ಸ್ವರೂಪ

2001ರ ಜನಗಣತಿಯಂತೆ ಇಂದಿನ ಜಿಲ್ಲೆಯ ವ್ಯಾಪ್ತಿಯ ಜನಸಂಖ್ಯೆ 10,30,546 ಆಗಿತ್ತು. 2011ರಲ್ಲಿ ಇದು 10,82,636 ಆಯಿತು. ಅಂದರೆ ಹತ್ತು ವರ್ಷಗಳಲ್ಲಿ ಆದ ಹೆಚ್ಚಳ ಶೇಕಡ 5ರಷ್ಟು ಮಾತ್ರ. ಇದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65,37,124ರಿಂದ 96,21,551ಕ್ಕೆ, ಅಂದರೆ ಶೇಕಡ 47ರಷ್ಟು ಏರಿತು. ನಗರದಲ್ಲಿ ಹತ್ತು ವರ್ಷಗಳಲ್ಲಿ ಹೊಸದಾಗಿ ಸೇರ್ಪಡೆಯಾದ ಜನರ ಸಂಖ್ಯೆಯು ಈ ಜಿಲ್ಲೆಯ ಒಟ್ಟು ಜನಸಂಖ್ಯೆಯ ಸುಮಾರು ಮೂರು ಪಟ್ಟು ಆಗುತ್ತದೆ.

ಈ ಪ್ರದೇಶದ ಪರಿಸರ ಸಮಸ್ಯೆಯನ್ನು ಅರಿಯಲು ಈ ಅಂಕಿಅಂಶಗಳು ಮುಖ್ಯವಾಗಿವೆ. ಅರ್ಕಾವತಿ ಕಣಿವೆಯ ಹಳ್ಳಿಗಳ ಮೇಲಿನ ಜನಸಂಖ್ಯಾ ಒತ್ತಡದ ಬಹುಭಾಗವು ಆ ಹಳ್ಳಿಗಳಲ್ಲಿ ಹುಟ್ಟಿದ್ದಲ್ಲ. ಅದು ಕಣಿವೆಯ ಮೇಲ್ಭಾಗದಲ್ಲಿರುವ ನಗರದಿಂದ ನೀರಿನ ಮೂಲಕ, ಭೂಮಿಯ ಬೇಡಿಕೆಯ ಮೂಲಕ ಮತ್ತು ವಾರಾಂತ್ಯದ ಪ್ರವಾಸಿಗರ ಮೂಲಕ ಕೆಳಗೆ ಇಳಿದು ಬರುತ್ತದೆ.

ನೀರಿನ ಹೋಗುಬರುವು

ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತದ ಪೂರೈಕೆ 1974ರಲ್ಲಿ ಆರಂಭವಾಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿ ಎಂಬ ಮೂರು ಕಡೆಗಳಲ್ಲಿ ಪಂಪ್ ಮಾಡಿ ನಗರದ ಎತ್ತರಕ್ಕೆ ಏರಿಸಲಾಗುತ್ತದೆ. 2024ರ ಅಕ್ಟೋಬರ್ ತಿಂಗಳಲ್ಲಿ ಲೋಕಾರ್ಪಣೆಗೊಂಡ ಐದನೇ ಹಂತವು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯವನ್ನು ಹೊಂದಿದೆ.

ನಗರದಲ್ಲಿ ಪೂರೈಕೆಯಾಗುವ ನೀರಿನ ಸುಮಾರು ಶೇಕಡ 80ರಷ್ಟು ಭಾಗವು ತ್ಯಾಜ್ಯ ನೀರಾಗಿ ಹೊರಬರುತ್ತದೆ ಎಂಬುದು ಒಳಚರಂಡಿ ವಿನ್ಯಾಸದಲ್ಲಿ ಬಳಸುವ ಸಾಮಾನ್ಯ ಮಾನದಂಡ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಪ್ರಮಾಣದಲ್ಲಿ ಲೆಕ್ಕ ಹಾಕಿದಲ್ಲಿ, 10 ಲಕ್ಷ ಜನರಿಂದ ದಿನಕ್ಕೆ 10.8 ಕೋಟಿ ಲೀಟರ್ ತ್ಯಾಜ್ಯ ನೀರು ಉಂಟಾಗುತ್ತದೆ. ಬೆಂಗಳೂರು ಒಂದು ದಿಣ್ಣೆಯ ಮೇಲೆ ನೆಲೆಸಿರುವುದರಿಂದ ನಗರದ ಪೂರ್ವ ಭಾಗದ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹರಿದರೆ, ಪಶ್ಚಿಮ ಮತ್ತು ನೈರುತ್ಯ ಭಾಗದ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೆ ಸೇರುತ್ತದೆ.

ಹೀಗೆ ಕಾವೇರಿಯಿಂದ ಎತ್ತಿದ ಶುದ್ಧ ನೀರು ಕೊಳವೆಯಲ್ಲಿ ಹಾರೋಹಳ್ಳಿಯ ಮೂಲಕ ಮೇಲಕ್ಕೆ ಹೋಗುತ್ತದೆ. ಬಳಸಿ ಬಿಟ್ಟ ನೀರಿನ ಒಂದು ದೊಡ್ಡ ಭಾಗವು ಸಮೀಪದ ಬೈರಮಂಗಲ ಕಣಿವೆಯಲ್ಲಿ ತೆರೆದ ನದಿಯಾಗಿ ಕೆಳಕ್ಕೆ ಇಳಿಯುತ್ತದೆ. ಈ ಎರಡು ಹಾದಿಗಳ ನಡುವಿನ ಹಳ್ಳಿಗಳು ರಾಗಿ, ರೇಷ್ಮೆ ಮತ್ತು ಹಾಲನ್ನು ಉತ್ಪಾದಿಸುವ ಹಳ್ಳಿಗಳಾಗಿವೆ.

ಬೈರಮಂಗಲ ಅಚ್ಚುಕಟ್ಟು ಪ್ರದೇಶ

ಬಿಡದಿ ಮತ್ತು ಹಾರೋಹಳ್ಳಿ ನಡುವಿನ ಬೈರಮಂಗಲ ಜಲಾಶಯವನ್ನು 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ನೀರಾವರಿ ಉದ್ದೇಶಕ್ಕಾಗಿ ನಿರ್ಮಿಸಲಾಯಿತು. ಮೊದಲು ಮಳೆಗಾಲದ ನೀರಿನಿಂದ ತುಂಬುತ್ತಿದ್ದ ಈ ಜಲಾಶಯವು ನಗರ ಬೆಳೆದಂತೆ ವರ್ಷವಿಡೀ ತ್ಯಾಜ್ಯ ನೀರನ್ನು ಪಡೆಯತೊಡಗಿತು. ಬಟ್ಟೆ ಒಗೆಯುವ ಮಾರ್ಜಕಗಳ ಅಂಶದಿಂದ ಕೋಡಿಯ ಕೆಳಗೆ ಬಿಳಿ ನೊರೆ ಏಳುವುದು ಈ ಭಾಗದಲ್ಲಿ ಸಾಮಾನ್ಯ ದೃಶ್ಯವಾಯಿತು.

ಈ ನೀರಿನ ಪರಿಣಾಮ ಎರಡು ಬಗೆಯದಾಗಿರುತ್ತದೆ. ಮಳೆಯಾಶ್ರಿತ ಪ್ರದೇಶದಲ್ಲಿ ಬೇಸಿಗೆಯಲ್ಲಿಯೂ ನಿಲ್ಲದೆ ಹರಿಯುವ ನೀರು ರೈತನಿಗೆ ದೊಡ್ಡ ಆಸರೆ. ಸಾರಜನಕ ಮತ್ತು ರಂಜಕ ನೀರಿನಲ್ಲಿಯೇ ಇರುವುದರಿಂದ ಗೊಬ್ಬರದ ಖರ್ಚು ಕಡಿಮೆಯಾಗುತ್ತದೆ. ಆದರೆ ಸಾರಜನಕವು ಅತಿಯಾದಾಗ ಭತ್ತದ ಪೈರು ಹುಲುಸಾಗಿ ಬೆಳೆದು, ತೆನೆ ಕಟ್ಟುವ ಮೊದಲೇ ನೆಲಕ್ಕೊರಗುತ್ತದೆ. ಲವಣಗಳು ಸಂಗ್ರಹವಾಗಿ ಮಣ್ಣು ಗಡುಸಾಗುತ್ತದೆ. ಸೊಳ್ಳೆಗಳ ಹಾವಳಿ ಹೆಚ್ಚುತ್ತದೆ, ಗದ್ದೆಗೆ ಇಳಿದವರಿಗೆ ಚರ್ಮದ ತುರಿಕೆ ಉಂಟಾಗುತ್ತದೆ ಮತ್ತು ಸುತ್ತಲಿನ ಬಾವಿಗಳ ನೀರು ಕುಡಿಯಲು ಯೋಗ್ಯವಾಗಿ ಉಳಿಯುವುದಿಲ್ಲ.

ಇದರಿಂದಾಗಿ ಅಚ್ಚುಕಟ್ಟಿನ ರೈತರು ಭತ್ತ ಮತ್ತು ಕಬ್ಬನ್ನು ಕ್ರಮೇಣ ಕೈಬಿಟ್ಟು ಬೇಬಿಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆ ಮತ್ತು ತೆಂಗಿನ ಕಡೆಗೆ ತಿರುಗಿದರು. ಮೇವು ಹೇರಳವಾಗಿ ದೊರೆತು ಹೈನುಗಾರಿಕೆ ಬೆಳೆಯಿತು. ಆದಾಯದ ದೃಷ್ಟಿಯಿಂದ ಇದು ಜಾಣ್ಮೆಯ ಹೊಂದಾಣಿಕೆಯೇ ಆಗಿದೆ. ಆದರೆ ಗೃಹಬಳಕೆಯ ತ್ಯಾಜ್ಯದೊಂದಿಗೆ ಕೈಗಾರಿಕಾ ತ್ಯಾಜ್ಯವೂ ಬೆರೆತಾಗ ಸೀಸ, ಕ್ರೋಮಿಯಂ, ನಿಕ್ಕಲ್ ಮುಂತಾದ ಭಾರ ಲೋಹಗಳು ಮಣ್ಣಿನಲ್ಲಿ ಉಳಿದು, ಸೊಪ್ಪು ತರಕಾರಿ ಹಾಗೂ ಮೇವಿನ ಮೂಲಕ ಆಹಾರ ಸರಪಣಿಯನ್ನು ಸೇರುವ ಅಪಾಯವಿರುತ್ತದೆ. ಈ ಹಾಲು ಮತ್ತು ತರಕಾರಿಗೆ ಬೆಂಗಳೂರೇ ಪ್ರಮುಖ ಮಾರುಕಟ್ಟೆ. ಆದ್ದರಿಂದ ನಗರವು ಹರಿಯಬಿಟ್ಟ ಮಾಲಿನ್ಯವು ನಗರದ ಅಡುಗೆಮನೆಗೇ ಮರಳುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಬಿಡದಿ ಸಮಗ್ರ ಉಪನಗರ ಯೋಜನೆಗಾಗಿ ಬೈರಮಂಗಲ ಸುತ್ತಲಿನ ಗ್ರಾಮಗಳ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು 2025ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಲಾಗಿದ್ದು, ಇದಕ್ಕೆ ರೈತರಿಂದ ವಿರೋಧವೂ ವ್ಯಕ್ತವಾಗಿದೆ. ಮಲಿನ ನೀರಿನೊಂದಿಗೆ ಹೊಂದಿಕೊಂಡು ಕೃಷಿಯನ್ನು ಉಳಿಸಿಕೊಂಡ ಕುಟುಂಬಗಳಿಗೆ ಜಮೀನಿನ ಪ್ರಶ್ನೆಯೂ ಹೀಗೆ ಎದುರಾಗಿದೆ.

ತಿಪ್ಪಗೊಂಡನಹಳ್ಳಿಯ ಅನುಭವ

ಕಣಿವೆಯ ಮೇಲ್ಭಾಗದ ಬದಲಾವಣೆ ಜಲಾಶಯವೊಂದನ್ನು ಹೇಗೆ ನಿಷ್ಪ್ರಯೋಜಕಗೊಳಿಸಬಲ್ಲದು ಎಂಬುದಕ್ಕೆ ತಿಪ್ಪಗೊಂಡನಹಳ್ಳಿ ಉದಾಹರಣೆಯಾಗಿದೆ. ಅರ್ಕಾವತಿ ಮತ್ತು ಕುಮುದ್ವತಿ ಸೇರುವೆಡೆಯಲ್ಲಿ 1933ರಲ್ಲಿ ಪೂರ್ಣಗೊಂಡ ಈ ಜಲಾಶಯವು ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಿತು. ಕೆರೆಗಳ ಒತ್ತುವರಿ, ಕೊಳವೆ ಬಾವಿಗಳ ಹೆಚ್ಚಳ, ನೀಲಗಿರಿ ತೋಪುಗಳ ವಿಸ್ತರಣೆ ಮತ್ತು ಬಡಾವಣೆಗಳ ನಿರ್ಮಾಣದಿಂದ ಒಳಹರಿವು ಕುಗ್ಗಿತು. ಉಳಿದ ನೀರೂ ಕಲುಷಿತಗೊಂಡು 2010ರ ದಶಕದ ಆರಂಭದಲ್ಲಿ ಪೂರೈಕೆಯನ್ನು ನಿಲ್ಲಿಸಬೇಕಾಯಿತು. ಜಲಾನಯನ ಪ್ರದೇಶದ ರಕ್ಷಣೆಗಾಗಿ ರಾಜ್ಯ ಸರ್ಕಾರವು 2003ರ ನವೆಂಬರ್ 18ರಂದು ಆದೇಶ ಹೊರಡಿಸಿ ವಲಯವಾರು ನಿರ್ಬಂಧಗಳನ್ನು ವಿಧಿಸಿತ್ತು. 2019ರಲ್ಲಿ ಈ ನಿರ್ಬಂಧಗಳನ್ನು ಪರಿಷ್ಕರಿಸಿ ಸಡಿಲಗೊಳಿಸಲಾಯಿತು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶ

ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948ರಲ್ಲಿರುವ ಹಾರೋಹಳ್ಳಿಯಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಹಲವು ಹಂತಗಳಲ್ಲಿ ಕೈಗಾರಿಕಾ ಪ್ರದೇಶವನ್ನು ಅಭಿವೃದ್ಧಿಪಡಿಸಿದೆ. ಸುತ್ತಲಿನ ಗ್ರಾಮಗಳ ಯುವಕ ಯುವತಿಯರಿಗೆ ಇದರಿಂದ ಉದ್ಯೋಗ ದೊರೆತಿದೆ. ಇದರ ಜೊತೆಗೆ ಗಮನಿಸಬೇಕಾದ ಪರಿಸರ ಪರಿಣಾಮಗಳು ಈ ಕೆಳಕಂಡಂತಿವೆ.

1. ಭೂಬಳಕೆ: ರಾಗಿ ಹೊಲ, ಮಾವಿನ ತೋಪು ಮತ್ತು ಗೋಮಾಳಗಳು ಕೈಗಾರಿಕಾ ನಿವೇಶನಗಳಾಗಿ ಪರಿವರ್ತನೆಯಾಗುತ್ತವೆ. ಗೋಮಾಳ ಕಡಿಮೆಯಾದಲ್ಲಿ ಜಮೀನಿಲ್ಲದ ಕುಟುಂಬಗಳ ಕುರಿ, ಮೇಕೆ ಮತ್ತು ದನಕರುಗಳಿಗೆ ಮೇವಿನ ನೆಲೆ ತಪ್ಪುತ್ತದೆ.

2. ನೀರು: ಕಾರ್ಖಾನೆಗಳ ತ್ಯಾಜ್ಯ ನೀರು ಸಂಸ್ಕರಣೆಯಿಲ್ಲದೆ ಹಳ್ಳಕ್ಕೆ ಸೇರಿದಲ್ಲಿ ಸುವರ್ಣಮುಖಿ ಮತ್ತು ಅದರ ಮೂಲಕ ಅರ್ಕಾವತಿ ಮಲಿನಗೊಳ್ಳುತ್ತದೆ. ಮಳೆ ಬಂದ ದಿನ ಅಂಗಳದಲ್ಲಿ ಶೇಖರಿಸಿಟ್ಟ ತ್ಯಾಜ್ಯವು ಮಳೆನೀರಿನೊಂದಿಗೆ ಕೊಚ್ಚಿಹೋಗುವುದು ಇನ್ನೊಂದು ಅಪಾಯ.

3. ಗಾಳಿ: ದೂಳು ಮತ್ತು ಹೊಗೆ ಹಿಪ್ಪುನೇರಳೆ ಎಲೆಯ ಮೇಲೆ ಕೂರುತ್ತವೆ. ರೇಷ್ಮೆ ಹುಳುವು ಎಲೆಯ ಗುಣಮಟ್ಟಕ್ಕೆ ಅತ್ಯಂತ ಸೂಕ್ಷ್ಮವಾದ ಜೀವಿಯಾದ್ದರಿಂದ ಕಲುಷಿತ ಎಲೆ ತಿಂದಲ್ಲಿ ಗೂಡಿನ ಇಳುವರಿ ಕುಸಿಯುತ್ತದೆ.

4. ವಸತಿ: ಕಾರ್ಮಿಕರು ನೆಲೆಸುವ ಬಾಡಿಗೆ ಮನೆಗಳು ಹಳ್ಳಿಗಳಲ್ಲಿ ಹೆಚ್ಚಿದಂತೆ ಶೌಚಗುಂಡಿಗಳ ಸಂಖ್ಯೆಯೂ ಹೆಚ್ಚುತ್ತದೆ. ಒಳಚರಂಡಿ ಇಲ್ಲದ ಕಡೆ ಗುಂಡಿಯ ನೀರು ಇಂಗಿ ಕೊಳವೆ ಬಾವಿಗಳಲ್ಲಿ ನೈಟ್ರೇಟ್ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದಲ್ಲಿ ವಿಶೇಷವಾಗಿ ಹಸುಗೂಸುಗಳ ಆರೋಗ್ಯಕ್ಕೆ ಅಪಾಯಕಾರಿ.

ಪ್ರವಾಸೋದ್ಯಮದ ಪರಿಣಾಮಗಳು

ರಾಮದೇವರ ಬೆಟ್ಟ, ಸಾವನದುರ್ಗ, ಚುಂಚಿ ಜಲಪಾತ, ಸಂಗಮ ಮತ್ತು ಮೇಕೆದಾಟು ಈ ಪ್ರದೇಶದ ಪ್ರಮುಖ ಪ್ರವಾಸಿ ತಾಣಗಳು. 1975ರಲ್ಲಿ ಬಿಡುಗಡೆಯಾದ ಶೋಲೆ ಹಿಂದಿ ಚಿತ್ರದ ಚಿತ್ರೀಕರಣದಿಂದ ರಾಮನಗರದ ಬಂಡೆಗಳು ದೇಶದಾದ್ಯಂತ ಪರಿಚಿತವಾದವು. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡ ನಂತರ ಪ್ರಯಾಣದ ಅವಧಿ ಮತ್ತಷ್ಟು ಕಡಿಮೆಯಾಗಿದೆ. ಇಲ್ಲಿನ ಪ್ರವಾಸಿಗರಲ್ಲಿ ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆ ಮರಳುವವರು. ಅವರಿಂದ ಸ್ಥಳೀಯರಿಗೆ ದೊರೆಯುವ ಆದಾಯ ಅಲ್ಪ, ಉಳಿಯುವ ಕಸ ಹೆಚ್ಚು.

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳ ಅಂಚು ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಜಾಗ. ಸುಮಾರು 346 ಹೆಕ್ಟೇರ್ ವಿಸ್ತೀರ್ಣದ ಈ ಪ್ರದೇಶವನ್ನು 2012ರಲ್ಲಿ ರಣಹದ್ದು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ರಣಹದ್ದುಗಳಿಗಾಗಿಯೇ ಘೋಷಿಸಲಾದ ದೇಶದ ಮೊದಲ ಧಾಮ ಇದಾಗಿದೆ. ಸತ್ತ ಜಾನುವಾರುಗಳ ದೇಹದಲ್ಲಿದ್ದ ಡೈಕ್ಲೋಫೆನಾಕ್ ಔಷಧಿಯ ಅಂಶದಿಂದ ದೇಶದಾದ್ಯಂತ ರಣಹದ್ದುಗಳು ನಾಶವಾದುದು ಸಾಬೀತಾದ ಬಳಿಕ, ಜಾನುವಾರುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಈ ಹಕ್ಕಿಯು ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುತ್ತದೆ. ಬಂಡೆ ಏರುವವರ ಸದ್ದಿಗೆ ಬೆದರಿ ತಾಯಿ ಹಕ್ಕಿ ಗೂಡನ್ನು ಬಿಟ್ಟಲ್ಲಿ ಆ ವರ್ಷದ ಸಂತಾನವೇ ಇಲ್ಲವಾಗುತ್ತದೆ.

ಸಂಗಮ ಮತ್ತು ಮೇಕೆದಾಟು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿವೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಕಂಡುಬರುವ ಕಿತ್ತಳೆ ರೆಕ್ಕೆಯ ಮಹಸೀರ್ ಮೀನು ತೀವ್ರ ಅಪಾಯದಂಚಿನಲ್ಲಿದೆ. ನೀರುನಾಯಿ ಮತ್ತು ಮೊಸಳೆಗಳಿಗೂ ಈ ನದಿಭಾಗ ಆಶ್ರಯ ನೀಡಿದೆ. ದಡದಲ್ಲಿ ಬಿಟ್ಟುಹೋದ ಪ್ಲಾಸ್ಟಿಕ್, ಒಡೆದ ಗಾಜಿನ ಬಾಟಲಿ ಮತ್ತು ಆಹಾರ ಪದಾರ್ಥಗಳು ವನ್ಯಜೀವಿಗಳಿಗೆ ಹಾನಿಕರ. ಅರ್ಕಾವತಿಯು ಹೊತ್ತು ತರುವ ನಗರದ ಮಾಲಿನ್ಯವೂ ಕಾವೇರಿಗೆ ಸೇರುವುದು ಇದೇ ಸಂಗಮದಲ್ಲಿ.

ರೆಸಾರ್ಟ್ ಮತ್ತು ತೋಟದ ಮನೆಗಳ ಹೆಚ್ಚಳದಿಂದ ಜಮೀನಿನ ಬೆಲೆ ಏರಿ, ಕೃಷಿಗಾಗಿ ಜಮೀನು ಕೊಳ್ಳುವುದು ಸಣ್ಣ ರೈತರಿಗೆ ನಿಲುಕದಂತಾಗಿದೆ. ಈಜುಕೊಳ ಮತ್ತು ಹುಲ್ಲುಹಾಸಿಗಾಗಿ ಕೊರೆಯುವ ಆಳವಾದ ಕೊಳವೆ ಬಾವಿಯು ನೆರೆಯ ರೈತನ ಬಾವಿಗೆ ನೀರುಣಿಸುವ ಅದೇ ಬಿರುಕಿನಿಂದ ನೀರನ್ನು ಎಳೆಯಬಹುದು.

ಅರಣ್ಯದಂಚಿನ ಗ್ರಾಮಗಳು

ಹಾರೋಹಳ್ಳಿಯ ಪೂರ್ವಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಿದೆ. ಆನೆಗಳು ಇಲ್ಲಿನ ಕರಡಿಕಲ್–ಮಹದೇಶ್ವರ ಕಾರಿಡಾರ್ ಮೂಲಕ ಸಂಚರಿಸುತ್ತವೆ. ಬಡಾವಣೆ, ರಸ್ತೆ ಮತ್ತು ಕಲ್ಲು ಗಣಿಗಳಿಂದ ಹಾದಿಗಳು ಕಿರಿದಾದಂತೆ ರಾಗಿ ತೆನೆ ಬಲಿಯುವ ಕಾಲದಲ್ಲಿ ಆನೆಗಳು ಹೊಲಕ್ಕೆ ನುಗ್ಗುವ ಪ್ರಕರಣಗಳು ಸಂಭವಿಸುತ್ತವೆ. ವರ್ಷದ ಬೆಳೆ ಒಂದೇ ರಾತ್ರಿಯಲ್ಲಿ ನಾಶವಾಗುವ ಭಯದಿಂದ ರೈತರು ಹೊಲದಲ್ಲಿಯೇ ಕಾವಲು ಕಾಯುತ್ತಾರೆ. ಉದ್ಯಾನದ ಸುತ್ತ 2020ರ ಮಾರ್ಚ್ ತಿಂಗಳಲ್ಲಿ ಅಧಿಸೂಚಿಸಲಾದ ಪರಿಸರ ಸೂಕ್ಷ್ಮ ವಲಯದ ವಿಸ್ತೀರ್ಣ 168.84 ಚದರ ಕಿ.ಮೀ. ಆಗಿದ್ದು, ಇದು ಮೊದಲ ಕರಡಿನಲ್ಲಿದ್ದುದಕ್ಕಿಂತ ಕಡಿಮೆಯಾಗಿದೆ.

ಕಾನೂನಿನ ರಕ್ಷಣೆ

ರಾಜ್ಯದ ಕರಾವಳಿ ಜಿಲ್ಲೆಗಳಲ್ಲಿ ಪ್ರವಾಸೋದ್ಯಮ ಮತ್ತು ಕಟ್ಟಡ ನಿರ್ಮಾಣವನ್ನು ನಿಯಂತ್ರಿಸಲು 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಜಾರಿಯಲ್ಲಿದ್ದು, 2011 ಮತ್ತು 2019ರಲ್ಲಿ ಅದನ್ನು ಪರಿಷ್ಕರಿಸಲಾಗಿದೆ. ಒಳನಾಡಿನ ನದಿ ಕಣಿವೆಗಳಿಗೆ ಅಂತಹ ದೇಶವ್ಯಾಪಿ ನಿಯಮ ಇರುವುದಿಲ್ಲ. ಅರ್ಕಾವತಿ ಕಣಿವೆಗೆ ಬೇರೆ ಬೇರೆ ಕಾಯಿದೆಗಳ ಮೂಲಕ ರಕ್ಷಣೆ ದೊರೆಯುತ್ತದೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯಂತೆ ಕೈಗಾರಿಕೆಗಳು ಸ್ಥಾಪನೆಗೆ ಮತ್ತು ಕಾರ್ಯಾಚರಣೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಪಡೆಯಬೇಕು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಸಾಮಾನ್ಯ ಮಾನದಂಡಗಳಂತೆ, ನದಿ ಹಾಗೂ ಕೆರೆಗಳಿಗೆ ಬಿಡುವ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 30 ಮಿಲಿಗ್ರಾಂ ಮತ್ತು ನೀರಾವರಿಗಾಗಿ ಭೂಮಿಗೆ ಬಿಡುವ ನೀರಿನಲ್ಲಿ 100 ಮಿಲಿಗ್ರಾಂ ಮೀರುವಂತಿಲ್ಲ.

ನದಿಯು ಆಡಳಿತದ ಗಡಿಗಳನ್ನು ಅನುಸರಿಸಿ ಹರಿಯುವುದಿಲ್ಲ. ನಗರದ ಒಳಚರಂಡಿ ಒಂದು ಸಂಸ್ಥೆಯ ಹೊಣೆ, ಕೆರೆ ಮತ್ತೊಂದರದು, ಕಾರ್ಖಾನೆಯ ತ್ಯಾಜ್ಯ ಮಗದೊಂದರದು. ಕೆಳಭಾಗದ ಗ್ರಾಮ ಪಂಚಾಯಿತಿಗೆ ಮೇಲ್ಭಾಗದ ಕೊಳವೆಯ ಮೇಲೆ ಯಾವುದೇ ಅಧಿಕಾರ ಇರುವುದಿಲ್ಲ. ಆದ್ದರಿಂದ ಇಡೀ ಜಲಾನಯನ ಪ್ರದೇಶವನ್ನು ಒಂದೇ ಘಟಕವಾಗಿ ಪರಿಗಣಿಸಿ, ನಗರದ ನೀರಿನ ಯೋಜನೆಯಲ್ಲಿಯೇ ಕೆಳಭಾಗದ ಕೃಷಿಯ ಹಿತವನ್ನು ಸೇರಿಸುವುದು ಅವಶ್ಯಕವಾಗಿದೆ.

ಸುರಕ್ಷಿತ ಮರುಬಳಕೆ

ತ್ಯಾಜ್ಯ ನೀರನ್ನು ಸರಿಯಾಗಿ ಸಂಸ್ಕರಿಸಿದಲ್ಲಿ ಅದು ಕೃಷಿಗೆ ಸಂಪನ್ಮೂಲವೇ ಆಗುತ್ತದೆ. ಇಸ್ರೇಲ್ ದೇಶವು ತನ್ನ ತ್ಯಾಜ್ಯ ನೀರಿನ ಬಹುಪಾಲನ್ನು ಸಂಸ್ಕರಿಸಿ ಕೃಷಿಗೆ ಬಳಸುತ್ತಿದೆ. ನಮ್ಮ ರಾಜ್ಯದಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೈಗಾರಿಕಾ ತ್ಯಾಜ್ಯವನ್ನು ಮೂಲದಲ್ಲಿಯೇ ಬೇರ್ಪಡಿಸಿ ಸಂಸ್ಕರಿಸುವುದು ಇಂತಹ ಬಳಕೆಗೆ ಮೊದಲ ಷರತ್ತು, ಏಕೆಂದರೆ ಸಾಮಾನ್ಯ ಒಳಚರಂಡಿ ಸಂಸ್ಕರಣಾ ಘಟಕಗಳು ಭಾರ ಲೋಹಗಳನ್ನು ತೆಗೆಯುವ ಉದ್ದೇಶಕ್ಕಾಗಿ ರೂಪಿತವಾಗಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಒಂದೇ ಕ್ರಮವನ್ನು ನೆಚ್ಚದೆ, ಸಂಸ್ಕರಣಾ ಘಟಕದಿಂದ ಅಡುಗೆಮನೆಯವರೆಗೆ ಹಂತ ಹಂತವಾಗಿ ತಡೆಗಳನ್ನು ಅನುಸರಿಸಲು ಸಲಹೆ ನೀಡುತ್ತದೆ. ರೈತರು ಅನುಸರಿಸಬಹುದಾದ ಕ್ರಮಗಳು:

• ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿ ಮುಂತಾದವುಗಳನ್ನು ಈ ನೀರಿನಲ್ಲಿ ಬೆಳೆಯದಿರುವುದು.
• ನೀರು ಬೆಳೆಯ ಮೇಲೆ ಸಿಡಿಯದಂತೆ ಬುಡಕ್ಕೆ ಮಾತ್ರ ಹನಿ ನೀರಾವರಿಯಲ್ಲಿ ಒದಗಿಸುವುದು.
• ಕೊಯ್ಲಿಗೆ ಕೆಲವು ದಿನ ಮೊದಲೇ ನೀರು ಹಾಯಿಸುವುದನ್ನು ನಿಲ್ಲಿಸುವುದು.
• ಗದ್ದೆಯಲ್ಲಿ ಬೂಟು ಮತ್ತು ಕೈಗವಸು ಧರಿಸುವುದು, ಕೆಲಸದ ನಂತರ ಶುದ್ಧ ನೀರಿನಿಂದ ಕೈಕಾಲು ತೊಳೆಯುವುದು.
• ಕುಡಿಯುವ ನೀರಿನ ಬಾವಿ ಮತ್ತು ಮಣ್ಣನ್ನು ನಿಯತವಾಗಿ ಪರೀಕ್ಷೆ ಮಾಡಿಸುವುದು.

ಸಾರ್ವಜನಿಕರ ಪಾತ್ರ

• ನಗರವಾಸಿಗಳು ನೀರನ್ನು ಮಿತವಾಗಿ ಬಳಸುವುದು. ಬಣ್ಣ, ಎಣ್ಣೆ, ಔಷಧಿ ಮತ್ತು ರಾಸಾಯನಿಕಗಳನ್ನು ಚರಂಡಿಗೆ ಸುರಿಯದಿರುವುದು.
• ಪ್ರವಾಸಿಗರು ತಂದ ವಸ್ತುಗಳ ಕಸವನ್ನು ಮರಳಿ ಒಯ್ಯುವುದು. ಏಕಬಳಕೆಯ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.
• ರಾಮದೇವರ ಬೆಟ್ಟದಲ್ಲಿ ನಿಗದಿತ ಹಾದಿಯನ್ನು ಬಿಟ್ಟು ಬಂಡೆ ಏರದಿರುವುದು, ಧ್ವನಿವರ್ಧಕ ಬಳಸದಿರುವುದು.
• ಉದ್ಯಮಿಗಳು ಮಳೆನೀರಿನ ಕಾಲುವೆ ಮತ್ತು ತ್ಯಾಜ್ಯ ನೀರಿನ ಕೊಳವೆಗಳನ್ನು ಪ್ರತ್ಯೇಕವಾಗಿ ಇರಿಸುವುದು.
• ಕೆರೆ ಅಥವಾ ಹಳ್ಳದಲ್ಲಿ ಮೀನುಗಳು ಸತ್ತು ತೇಲಿದಲ್ಲಿ, ನೀರಿನ ಬಣ್ಣ ಇಲ್ಲವೆ ವಾಸನೆ ಬದಲಾದಲ್ಲಿ, ಗ್ರಾಮ ಪಂಚಾಯಿತಿಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದಿನಾಂಕ, ಸಮಯ ಮತ್ತು ಸ್ಥಳದ ವಿವರಗಳೊಂದಿಗೆ ಲಿಖಿತ ದೂರನ್ನು ಸಲ್ಲಿಸುವುದು.

ಅರ್ಕಾವತಿ ಕಣಿವೆಯ ರೈತರು ಬದಲಾದ ನೀರಿಗೆ ತಕ್ಕಂತೆ ತಮ್ಮ ಬೆಳೆಯನ್ನು ಬದಲಾಯಿಸಿಕೊಂಡಿದ್ದಾರೆ. ಆದರೆ ಮಣ್ಣು ಮತ್ತು ಅಂತರ್ಜಲ ತಾಳಿಕೊಳ್ಳುವುದಕ್ಕೂ ಒಂದು ಮಿತಿಯಿರುತ್ತದೆ. ಹಾರೋಹಳ್ಳಿಯ ಮೂಲಕ ನಗರಕ್ಕೆ ಏರುವ ನೀರು ಶುದ್ಧವಾಗಿರಬೇಕೆಂದು ಬಯಸುವಷ್ಟೇ ಕಾಳಜಿಯಿಂದ, ನಗರದಿಂದ ಹಳ್ಳಿಗಳಿಗೆ ಇಳಿಯುವ ನೀರೂ ಶುದ್ಧವಾಗಿರುವಂತೆ ನೋಡಿಕೊಳ್ಳುವುದು ಕಣಿವೆಯ ಮೇಲಿನವರ ಮತ್ತು ಕೆಳಗಿನವರ ಸಮಾನ ಹೊಣೆಯಾಗಿರುತ್ತದೆ.